ಮೂರು ಗುಂಡಿನ ಗ್ರೂಪ್ ಬಿಟ್ಟ ಮೇಲೆ ನನ್ನ .308 ಸರಿಹೋಯಿತು

ಒಂದು ಲೋಡ್ (ಯಾವ ಗುಂಡು, ಯಾವ ಪೌಡರ್, ಎಷ್ಟು ಎಂಬ ಜೋಡಣೆ) ಪರೀಕ್ಷಿಸಲು ಇಪ್ಪತ್ತು ಗುಂಡು ಹಾರಿಸುವುದು ದಂಡದ ಖರ್ಚು, ಮೂರು ಸಾಕು ಎಂದು ಟೆಕ್ಸಸ್‌ನ ನಮ್ಮ ರೇಂಜಿನಲ್ಲಿ ಬಹಳ ಮಂದಿ ವಾದಿಸುತ್ತಿದ್ದರು. ಈಗ ನನ್ನ .308 ವಿಂಚೆಸ್ಟರ್ ರೈಫಲ್ 100 ಗಜದಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಗುಂಡನ್ನು ಒಂದಿಂಚಿನೊಳಗೆ ಇಡುತ್ತದೆ. ಅದೂ ಅಪರೂಪಕ್ಕೆ ಒಮ್ಮೆ ಅಲ್ಲ, ಹೋದಾಗಲೆಲ್ಲ. ವಾದ ಮಾಡಿದವರಲ್ಲಿ ಕೆಲವರು ಈಗ ನನ್ನ ಟಾರ್ಗೆಟ್ ಹಾಳೆಯ ನಕಲು ಕೇಳುತ್ತಾರೆ. ಇದು ರೀಲೋಡಿಂಗ್ (ಖಾಲಿ ಹಿತ್ತಾಳೆ ಕೇಸಿಗೆ ಮತ್ತೆ ಪೌಡರ್, ಗುಂಡು ತುಂಬುವ) ಬೆಂಚಿನ ಕೆಲಸ ತಿಳಿದವರಿಗಾಗಿ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, ಊರಲ್ಲಿರುವವರು ಇದನ್ನು ಓದಿಗಷ್ಟೇ ಇಟ್ಟುಕೊಳ್ಳಿ.

ದುಡ್ಡು ಸೋರುವುದು ಎಲ್ಲಿ ಅಂದರೆ, ಹಳೇ ಪದ್ಧತಿಯ ಲ್ಯಾಡರ್‌ನಲ್ಲಿ. ಪೌಡರನ್ನು 0.3 ಗ್ರೇನ್‌ನಂತೆ (ಗ್ರೇನ್ ತೂಕದ ಸಣ್ಣ ಮಾನ) ಏರಿಸುತ್ತಾ ಒಂದೊಂದು ಮೆಟ್ಟಿಲಿಗೂ ಮೂರು ಗುಂಡು. ಯಾವುದೋ ಒಂದು ಗ್ರೂಪ್ (ಕಾಗದದ ಮೇಲಿನ ತೂತುಗಳ ಗುಂಪು) ಅರ್ಧ ಇಂಚಿಗೆ ಕೂರುತ್ತದೆ, ಅದೇ ‘ನೋಡ್’, ಅಂದರೆ ಗುಂಡುಗಳು ಒತ್ತಾಗಿ ಬೀಳುವ ಪೌಡರ್ ತೂಕ, ಎಂದುಕೊಂಡು ನೂರು ರೌಂಡ್ ತುಂಬಿಸಿದರೆ ಮುಂದಿನ ಸಲ ಒಂದೂಕಾಲು ಇಂಚು. ಮತ್ತೆ ಸೀಟಿಂಗ್ ಆಳ (ಗುಂಡು ಕೇಸಿನೊಳಗೆ ಕೂರುವ ಆಳ) ಬದಲಿಸು, ಮತ್ತೆ ಮೂರು ಗುಂಡು, ಮತ್ತೆ ಪ್ರೈಮರ್ (ಪೌಡರಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಬದಲಿಸು. ಲೋಡ್ ಹಾಳಾಗಿಲ್ಲ, ರೈಫಲ್ ಕೂಡ ಕೆಟ್ಟಿಲ್ಲ. ಮೂರು ಗುಂಡಿನ ಸರಾಸರಿ 0.6 ಇಂಚು ಇರುವ ಲೋಡ್ ಇಪ್ಪತ್ತು ಗುಂಡಿಗೆ 1.1ರ ಹತ್ತಿರ ಹರಡಲೇಬೇಕು, ಅದರ ಲೆಕ್ಕವೇ ಹಾಗಿದೆ. ಎಸ್‌ಡಿಯದೂ (ಗುಂಡಿನ ವೇಗ ಎಷ್ಟು ಏರುಪೇರಾಗುತ್ತದೆ ಎಂಬ ಅಳತೆ, ಸೆಕೆಂಡಿಗೆ ಅಡಿಯಲ್ಲಿ) ಅದೇ ಪಾಡು: ನಿಜವಾದ ಎಸ್‌ಡಿ 10 ಇರುವ ಲೋಡ್ ಐದು ಗುಂಡಿನಲ್ಲಿ 4 ಅಂತಲೂ ತೋರಿಸುತ್ತದೆ, 16 ಅಂತಲೂ ತೋರಿಸುತ್ತದೆ. ಇಪ್ಪತ್ತಕ್ಕೆ ಹೋದರೆ ಸಾಮಾನ್ಯವಾಗಿ 7ರಿಂದ 13ರೊಳಗೆ ನಿಲ್ಲುತ್ತದೆ.

ಖರ್ಚಿನ ಲೆಕ್ಕ, ನೆನಪಿದ್ದಷ್ಟು: 168 ಗ್ರೇನ್ ಸಿಯೆರಾ ಮ್ಯಾಚ್‌ಕಿಂಗ್ ಗುಂಡು ಒಂದಕ್ಕೆ 45 ಸೆಂಟ್ ಆಸುಪಾಸು, ಪೌಡರ್ 28, ಪ್ರೈಮರ್ 8, ಒಳ್ಳೆ ಕೇಸನ್ನು ಹತ್ತು ಸಲ ಬಳಸಿದರೆ ಸಲಕ್ಕೆ 11. ಬ್ಯಾರೆಲ್ ಸವೆತಕ್ಕೂ ಒಂದು 16 ಸೆಂಟ್ ಹಿಡಿಯಿರಿ. ಐದು ಸಾವಿರ ರೌಂಡ್ ಬಾಳುವ ಬ್ಯಾರೆಲ್‌ಗೆ ಕೂರಿಸುವ ಕೂಲಿ ಸೇರಿ 800 ಡಾಲರ್ ಎಂದು ನನ್ನ ಲೆಕ್ಕ. ಒಟ್ಟು ಒಂದು ಡಾಲರಿಗೆ ಸ್ವಲ್ಪ ಮೇಲೆ. ಅಂಗಡಿಯ ಮ್ಯಾಚ್ ರೌಂಡ್‌ಗೆ ಎರಡು ಡಾಲರ್ ಹತ್ತಿರ. ನಾಲ್ಕು ಲೋಡ್‌ಗಳಿಗೆ ಎಂಬತ್ತು ಗುಂಡು ಎಂದರೆ ಸುಮಾರು ತೊಂಬತ್ತು ಡಾಲರ್. ಲ್ಯಾಡರ್ ಹಿಂದೆ ಬಿದ್ದವರು ಒಂದು ಡಬ್ಬಿ ಪೌಡರನ್ನೇ ಮುಗಿಸುತ್ತಾರೆ.

ನನ್ನ ಕ್ರಮ ಹೀಗೆ. ಒಂದು ಹೊತ್ತಿಗೆ ನಾಲ್ಕು ಲೋಡ್ ಮಾತ್ರ, ತಲಾ ಇಪ್ಪತ್ತು. ಕೇಸಿನ ತಳಕ್ಕೆ ಮಾರ್ಕರ್‌ನಿಂದ ಬಣ್ಣ: ಕೆಂಪು, ನೀಲಿ, ಹಸಿರು, ಕಪ್ಪು. ಪ್ರತಿ ಲೋಡಿಗೆ ಐದು ಬುಲ್ (ಗುರಿವೃತ್ತ), ಬುಲ್ಲಿಗೆ ನಾಲ್ಕೇ ಗುಂಡು. ಇಪ್ಪತ್ತನ್ನೂ ಒಂದೇ ಬುಲ್ಲಿಗೆ ಹೊಡೆದರೆ ಕಾಗದ ಹರಿದು ತೂತು ಎಣಿಸಲು ಬರುವುದಿಲ್ಲ. ಕೆಂಪು ಒಂದು, ನೀಲಿ ಒಂದು, ಹಸಿರು ಒಂದು, ಕಪ್ಪು ಒಂದು, ಮತ್ತೆ ಕೆಂಪಿನಿಂದ. ಗಾಳಿ ಎದ್ದರೂ, ಬ್ಯಾರೆಲ್ ಕಾದರೂ, ಭುಜ ಸೋತರೂ ಪೆಟ್ಟು ನಾಲ್ಕಕ್ಕೂ ಸಮನಾಗಿ ಬೀಳುತ್ತದೆ, ಇದೇ ಈ ಕ್ರಮದ ಜೀವಾಳ. ಹತ್ತು ಗುಂಡಿಗೊಮ್ಮೆ ಬೋಲ್ಟ್ (ರೌಂಡ್ ಕೂರುವ ಚೇಂಬರನ್ನು ಮುಚ್ಚುವ ಅಗುಳಿ) ತೆರೆದು, ಚೇಂಬರ್ ಖಾಲಿ ಎಂದು ತೋರಿಸುವ ಫ್ಲ್ಯಾಗ್ ಹಾಕಿ ನಿಲ್ಲಿಸುತ್ತೇನೆ. ಬ್ಯಾರೆಲ್ ಮೇಲೆ ಕೈಯಿಟ್ಟು ನೆಮ್ಮದಿಯಾಗಿ ಹತ್ತು ಎಣಿಸಲು ಆಗಬೇಕು, ಆಮೇಲೆ ಮುಂದಕ್ಕೆ. ಗುರಿ ಹಿಡಿಯುವವರೆಗೆ ರೌಂಡನ್ನು ಚೇಂಬರಿಗೆ ತಳ್ಳಬೇಡಿ. ಬಿಸಿ ಚೇಂಬರಿನಲ್ಲಿ ಅರ್ಧ ನಿಮಿಷ ಕೂತ ರೌಂಡ್‌ನ ವೇಗವೇ ಬೇರೆ.

ಶುರುವಿಗೆ ಮೊದಲು ಆಕ್ಷನ್ ಸ್ಕ್ರೂ (ರೈಫಲನ್ನು ಅದರ ಚೌಕಟ್ಟಾದ ಚಾಸಿಗೆ ಬಿಗಿಯುವುದು, ನನ್ನದಕ್ಕೆ 65 ಇಂಚು-ಪೌಂಡ್ ಬಿಗಿತ), ಸ್ಕೋಪ್ ರಿಂಗ್, ಪ್ಯಾರಲಾಕ್ಸ್ (ಕಣ್ಣು ಸರಿದರೆ ಸ್ಕೋಪಿನಲ್ಲಿ ಗುರಿ ಸರಿದಂತೆ ಕಾಣುವುದು) ಮೂರನ್ನೂ ನೋಡಿಕೊಳ್ಳಿ. ಸಿಮೆಂಟ್ ಬೆಂಚಿನ ಮೇಲೆ ಬೈಪಾಡ್ (ಎರಡು ಕಾಲಿನ ಆಸರೆ) ಪುಟಿಯುತ್ತದೆ, ಮುಂದೊಂದು ಹಿಂದೊಂದು ಮರಳು ಚೀಲವೇ ಮೇಲು. ಬ್ಯಾರೆಲ್ ತೊಳೆದಿದ್ದರೆ ಮೊದಲ ಎಂಟು-ಹತ್ತು ಗುಂಡು ಲೆಕ್ಕಕ್ಕಿಲ್ಲ. ಬ್ಯಾರೆಲ್ಲಿಗೆ ತೂಗು ಹಾಕುವ ಕ್ರೋನೋಗ್ರಾಫ್ (ವೇಗ ಅಳೆಯುವ ಸಾಧನ) ಗುಂಡು ಬೀಳುವ ಜಾಗವನ್ನೇ ಸರಿಸುತ್ತದೆ, ಗ್ರೂಪ್ ಅಳೆಯುವಾಗ ಅದು ಬೇಡ. ಬೆಂಚಿನ ಮೇಲಿಡುವ ರೇಡಾರ್‌ಗೆ ನಾನು 600 ಡಾಲರ್ ಕೊಟ್ಟೆ, ನೋವಾದರೂ ಸಾರ್ಥಕ.

ಮನೆಗೆ ಬಂದು ಐದೂ ಬುಲ್ಲಿನ ತೂತುಗಳನ್ನು ಗುರಿಬಿಂದುವಿನ ಮೇಲೆ ಒಂದರ ಮೇಲೊಂದು ಕೂಡಿಸಿ, ನಡುಬಿಂದುವಿನಿಂದ ಪ್ರತಿ ತೂತಿಗಿರುವ ದೂರದ ಸರಾಸರಿ ತೆಗೆಯುತ್ತೇನೆ. ಎರಡು ದೂರದ ತೂತುಗಳ ಅಳತೆ ಇಪ್ಪತ್ತರಲ್ಲಿ ಎರಡೇ ಗುಂಡಿನ ಮಾತು, ಸರಾಸರಿ ತ್ರಿಜ್ಯ ಎಲ್ಲ ಇಪ್ಪತ್ತರದ್ದು. ಗ್ರೂಪಿನಿಂದ ದೂರ ಹೋದ ಗುಂಡನ್ನು ‘ಫ್ಲೈಯರ್’ ಎಂದು ಬಿಡುವಂತಿಲ್ಲ, ಅದೂ ಲೋಡಿನದ್ದೇ.

ಸಿಕ್ಕ ಉತ್ತರ: 0.3 ಗ್ರೇನ್ ಹೆಚ್ಚುಕಡಿಮೆಗೆ ಗ್ರೂಪ್ ಬದಲಾಗಲಿಲ್ಲ. ಸೀಟಿಂಗ್ ಆಳದಲ್ಲಿ ಐದು ಸಾವಿರಾಂಶ ಇಂಚಿನ ಆಟವೂ ಕಾಣಲಿಲ್ಲ. ಗುಂಡು ಮತ್ತು ಪೌಡರಿನ ಜೋಡಿ ಬದಲಿಸಿದಾಗ ಮಾತ್ರ ಹಾಳೆ ಬದಲಾಯಿತು. ಅತಿ ಕೆಟ್ಟ ಜೋಡಿಯ ತ್ರಿಜ್ಯ 0.38 ಇಂಚು, 168 ಗ್ರೇನ್ ಮ್ಯಾಚ್‌ಕಿಂಗ್ ಮತ್ತು ಐಎಂಆರ್ 4064 ಪೌಡರಿನ ಜೋಡಿಯದು 0.25. ಹಾಗಾಗಿ ಮೊದಲು ಜೋಡಿ ಹುಡುಕಿ, ನೋಡ್ ಹುಡುಕಾಟ ಬಿಡಿ.

ದಾರಿ ಬಿಟ್ಟು ಮಾಡಿದ ಪ್ರಯೋಗಗಳೂ ಇವೆ. ಕೇಸ್‌ಗಳನ್ನು ತೂಕದ ಪ್ರಕಾರ ವಿಂಗಡಿಸಿದ್ದು 100 ಗಜದಲ್ಲಿ ಏನೂ ಕೊಡಲಿಲ್ಲ, ಒಂದು ಸಂಜೆ ಹೋಯಿತು ಅಷ್ಟೆ. ಅರ್ಧ ರೌಂಡುಗಳನ್ನು ಐಸ್‌ಪೆಟ್ಟಿಗೆಯಲ್ಲಿ, ಅರ್ಧವನ್ನು ಬಿಸಿಲಲ್ಲಿಟ್ಟು ಹಾರಿಸಿದಾಗ ವಾರ್ಗೆಟ್ ಎಂಬ ಪೌಡರಿನ ವೇಗ ಸೆಕೆಂಡಿಗೆ ಇಪ್ಪತ್ತು ಅಡಿಯಷ್ಟು ಕದಲಿತು, ಬಾಲ್ ಪೌಡರ್ (ಗುಂಡನೆ ಕಾಳಿನದು) ಅದರ ಮೂರು-ನಾಲ್ಕು ಪಟ್ಟು. ಇದನ್ನು ಮಾಡುವವರು ಕಡಿಮೆ ಪೌಡರಿನ ಲೋಡಿನಲ್ಲೇ ಮಾಡಿ, ಬಿಸಿಲಿನ ರೌಂಡ್ ಒತ್ತಡ ಏರಿಸುತ್ತದೆ. ತಕ್ಕಡಿಯ ಸಂಗತಿಯೂ ಒಂದಿದೆ: ಎಸಿ ಗಾಳಿ ತಾಗಿದರೆ ಡಿಜಿಟಲ್ ತಕ್ಕಡಿ ಮೆಲ್ಲಗೆ ಜಾರುತ್ತದೆ. ಹತ್ತು ರೌಂಡಿಗೊಮ್ಮೆ ಚೆಕ್ ವೇಯ್ಟ್ (ತೂಕ ಗೊತ್ತಿರುವ ಬಟ್ಟು) ಇಡಿ. 0.1 ಗ್ರೇನ್ ಎಂದರೆ .308ರಲ್ಲಿ ಐದಾರು ಅಡಿ ವೇಗ.

ನನ್ನ ಪೌಡರ್ ತೂಕ ಇಲ್ಲಿ ಬರೆಯುವುದಿಲ್ಲ. ಇನ್ನೊಂದು ಬ್ಯಾರೆಲ್ಲಿನಲ್ಲಿ ಅದು ಅಪಾಯವೂ ಆಗಬಹುದು. ರೀಲೋಡಿಂಗ್ ಮ್ಯಾನ್ಯುಯಲ್‌ನ ಆರಂಭದ ತೂಕದಿಂದ ಹೊರಟು, ಬೋಲ್ಟ್ ಎತ್ತುವಾಗ ಬಿಗಿಯಾದರೆ ಅಥವಾ ಕೇಸಿನ ತಳದಲ್ಲಿ ಇಜೆಕ್ಟರಿನ (ಕೇಸನ್ನು ಹೊರತಳ್ಳುವ ಭಾಗ) ಗುರುತು ಮಿನುಗಿದರೆ ಅಲ್ಲೇ ನಿಂತು ಉಳಿದ ರೌಂಡುಗಳನ್ನು ಬಿಚ್ಚಿಬಿಡಿ. ಪ್ರೈಮರ್ ಚಪ್ಪಟೆಯಾಗುವುದನ್ನೊಂದೇ ನಂಬಬೇಡಿ, ಮೆತ್ತನೆ ಕಪ್ ಇರುವವು ಬೇಗ ಚಪ್ಪಟೆಯಾಗುತ್ತವೆ. ಗುಂಡು ಕೂರಿಸುವ ಮೊದಲು ಕೇಸಿನ ಕತ್ತಿನೊಳಗೆ ನಾನು ಸವರುವುದೊಂದಿದೆ, ಎಸ್‌ಡಿ 9ಕ್ಕೆ ಇಳಿದದ್ದರಲ್ಲಿ ಅದರ ಪಾಲು ದೊಡ್ಡದು. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಜೋಡಿ ಸಿಕ್ಕ ಮೇಲೆ ಪೌಡರನ್ನು ಎಂಟು ಪೌಂಡಿನ ಡಬ್ಬಿಯಲ್ಲಿ, ಒಂದೇ ಲಾಟ್ (ಒಂದೇ ಸಲ ತಯಾರಾದ ಕಂತು) ನಂಬರಿನದ್ದು ಕೊಳ್ಳಿ. ಸಾವಿರದ ಇನ್ನೂರು ರೌಂಡ್ ನಿಶ್ಚಿಂತೆ. ಲಾಟ್ ಬದಲಾದ ದಿನ ಅರ್ಧ ಗ್ರೇನ್ ಕೆಳಗಿಳಿದು, ರೇಡಾರ್ ಹಿಡಿದು, ಮತ್ತೆ ಇಪ್ಪತ್ತು.