ಮೊದಲು ಒಳಮೈ ನೋಡಿ: ಹಳೆಯ ಕುತೂರ್ ಪುಸ್ತಕಗಳನ್ನು ಕೂಡಿಸುವ ಬಗೆ

ಅಪ್ಪನಿಗೆ ಮಾಟುಂಗಾದಲ್ಲಿ ಸಣ್ಣ ಟೈಲರಿಂಗ್ ಅಂಗಡಿ ಇತ್ತು. ಯಾರಾದರೂ ಬೇರೆ ಕಡೆ ಹೊಲಿಸಿದ ಕೋಟು ತಂದು "ಹೇಗಿದೆ ನೋಡಿ ಮಾರಾಯ್ರೆ" ಅಂದರೆ ಅವರು ಮೊದಲು ಅದನ್ನು ತಿರುವಿಹಾಕುತ್ತಿದ್ದರು. ಲೈನಿಂಗ್ ಹೇಗೆ ಕೂತಿದೆ, ಮಾರ್ಜಿನ್ ಎಷ್ಟು ಬಿಟ್ಟಿದ್ದಾರೆ, ಕಾಜಾ ಕೈಯದೋ ಮಿಷಿನ್ನಿನದೋ ಎಂದು ನೋಡಿ ಮುಗಿದ ಮೇಲೆ ಹೊರಮೈ. ಪ್ಯಾರಿಸ್ಸಿನ ಹಳೆಯ ವಿನ್ಯಾಸಕಾರರ ಪುಸ್ತಕಗಳನ್ನು ಕೂಡಿಸಲು ಹೊರಟ ನನಗೂ ಈಗ ಅದೇ ಚಾಳಿ ಅಂಟಿದೆ. ಮುಖಪುಟದ ಸುಂದರಿಯನ್ನು ಬಿಟ್ಟು, ಉಡುಪಿನ ಒಳಗೇನಿದೆ ಎಂದು ತೋರಿಸುವ ಪುಟ ಇದೆಯೇ ಎಂದು ಹುಡುಕುತ್ತೇನೆ. ಇಲ್ಲದಿದ್ದರೆ ಪುಸ್ತಕ ವಾಪಸ್ ಅದರ ರಾಶಿಗೆ.

ಕುತೂರ್ ಅಂದರೆ ಒಬ್ಬೊಬ್ಬ ಗಿರಾಕಿಯ ಅಳತೆಗೆ, ಹೆಚ್ಚಿನಂಶ ಕೈಯಲ್ಲೇ ಹೊಲಿಯುವ ಉಡುಪು. ಇಂಗ್ಲೆಂಡಿನಿಂದ ಹೋದ ಚಾರ್ಲ್ಸ್ ಫ್ರೆಡ್ರಿಕ್ ವರ್ತ್ 1858ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದದ್ದನ್ನು ಇದರ ಆರಂಭ ಎನ್ನುತ್ತಾರೆ. 1945ರಿಂದ 'ಓತ್ ಕುತೂರ್' (ಉನ್ನತ ಹೊಲಿಗೆ) ಎಂಬ ಹೆಸರಿಗೆ ಫ್ರಾನ್ಸಿನಲ್ಲಿ ಕಾನೂನಿನ ರಕ್ಷಣೆ ಇದೆ. ಸಂಗ್ರಹ ಶುರುಮಾಡಲು ಇಷ್ಟು ಇತಿಹಾಸ ಸಾಕು.

ಒಂದು ಪ್ರಶ್ನೆ ಹಿಡಿಯಿರಿ

ವರ್ತ್‌ನಿಂದ ಇಪ್ಪತ್ತನೆಯ ಶತಮಾನದ ಈವ್ ಸೇಂಟ್ ಲಾರೆಂಟ್‌ವರೆಗೆ ಎಲ್ಲ ವಿನ್ಯಾಸಕಾರರೂ ಬೇಕು ಎಂದು ಹೊರಟರೆ ಮುಂಬೈನ ಫ್ಲ್ಯಾಟು ಸಾಲದು, ಸಂಬಳವೂ ಸಾಲದು. ಒಬ್ಬರನ್ನು ಹಿಡಿಯಿರಿ; ಅದಕ್ಕಿಂತ ಒಳ್ಳೆಯದು, ಒಂದು ಪ್ರಶ್ನೆ ಹಿಡಿಯುವುದು. ನನ್ನ ಪ್ರಶ್ನೆ ನಿರಿಗೆ. ಬೆಳಿಗ್ಗೆ ಲೋಕಲ್ ಹಿಡಿಯುವ ಅವಸರದಲ್ಲೂ ನಮ್ಮ ಬೆರಳಿಗೆ ತಾನಾಗಿ ಬರುವ ಸೀರೆಯ ನಿರಿಗೆಯನ್ನು ಅಲ್ಲಿಯವರು ಬಟ್ಟೆಯಲ್ಲಿ ಶಾಶ್ವತವಾಗಿ ಹೇಗೆ ನಿಲ್ಲಿಸಿದರು? ಈ ಒಂದು ಪ್ರಶ್ನೆ ಮೂವರು ವಿನ್ಯಾಸಕಾರರ ಹತ್ತಿರ ಕರೆದೊಯ್ದಿತು. ವೆನಿಸ್ಸಿನ ಮಾರಿಯಾನೊ ಫಾರ್ಚುನಿ 1909ರಲ್ಲಿ ರೇಷ್ಮೆಗೆ ಸಣ್ಣ ನಿರಿಗೆ ಹಾಕುವ ವಿಧಾನಕ್ಕೆ ಪೇಟೆಂಟ್ ಪಡೆದ. ಅವನ 'ಡೆಲ್ಫೋಸ್' ಗೌನನ್ನು ಹಗ್ಗದ ಹಾಗೆ ಹುರಿಮಾಡಿ ದುಂಡು ಡಬ್ಬಿಯಲ್ಲಿ ಇಡುತ್ತಿದ್ದರು. ಮದಾಮ್ ಗ್ರೆ ರೇಷ್ಮೆ ಜರ್ಸಿ ಎಂಬ ಹೆಣಿಗೆಯ ಬಟ್ಟೆಯನ್ನು ಕೈಯಲ್ಲೇ ನಿರಿಗೆ ಹಿಡಿದು ಗ್ರೀಕ್ ಶಿಲ್ಪದಂತೆ ಇಳಿಬಿಟ್ಟಳು. ಮದ್ಲೇನ್ ವಿಯೊನೆ (1876–1975) ನಿರಿಗೆಯನ್ನೇ ಬಿಟ್ಟು ಬಟ್ಟೆಯನ್ನು ಓರೆಯಾಗಿ ಕತ್ತರಿಸಿದಳು. ನಮ್ಮ ಟೈಲರುಗಳು 'ಕ್ರಾಸ್' ಅನ್ನುತ್ತಾರಲ್ಲ, ಅದೇ. ಬಟ್ಟೆ ತಾನೇ ಮೈಗೆ ಒಗ್ಗಿತು.

ನಿಮ್ಮ ಪ್ರಶ್ನೆ ಕಸೂತಿ ಇರಬಹುದು, ತೋಳು ಇರಬಹುದು. ಬರೀ ಗುಂಡಿಯ ಬೆನ್ನು ಹತ್ತಿದರೂ ಒಂದು ಕಪಾಟು ತುಂಬುತ್ತದೆ.

ಯಾವ ಜಾತಿಯ ಪುಸ್ತಕ?

ಕಣ್ಣಿಗೆ ಮೊದಲು ಬೀಳುವುದು ದಪ್ಪನೆಯ ಚಿತ್ರಸಂಪುಟ. ಬಂದವರ ಮುಂದೆ ಟೀಪಾಯಿ ಮೇಲೆ ಇಡಲು ಚೆನ್ನ. ಬಹಳಷ್ಟನ್ನು ಬ್ರ್ಯಾಂಡಿನವರೇ ಮಾಡಿಸಿರುತ್ತಾರೆ, ಹೊಗಳಿಕೆ ಜಾಸ್ತಿ. ಇವು ಕೊನೆಗೆ ಬರಲಿ.

ಮ್ಯೂಸಿಯಂ ಪ್ರದರ್ಶನದ ಜೊತೆ ಬರುವ ಕ್ಯಾಟಲಾಗ್ ಬೇರೆಯೇ ತೂಕದ್ದು. ಅದನ್ನು ಬರೆಯುವವರು ಉಡುಪನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದವರು. 2017ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ವಿನ್ಯಾಸಕಾರ ಬಲೆನ್ಸಿಯಾಗಾನ ಉಡುಪುಗಳ ಪ್ರದರ್ಶನ ನಡೆಸಿದಾಗ ಗೌನುಗಳ ಎಕ್ಸ್‌ರೇ ತೆಗೆಸಿತ್ತು. ಹೊರಗೆ ತೇಲುವಂತೆ ಕಾಣುವ ಸ್ಕರ್ಟಿನೊಳಗೆ ಏನೇನು ಬಿಗಿ, ಏನೇನು ಆಸರೆ! ಅಪ್ಪ ಇದ್ದಿದ್ದರೆ ಆ ಚಿತ್ರಗಳ ಮುಂದೆ ಅರ್ಧ ದಿನ ಕೂರುತ್ತಿದ್ದರು.

ಕಟಿಂಗ್ ನಕ್ಷೆ ಕೊಡುವ ಪುಸ್ತಕ ಕಂಡರೆ ಮಾತ್ರ ಯೋಚಿಸಬೇಡಿ, ಎತ್ತಿಕೊಳ್ಳಿ. ಬೆಟ್ಟಿ ಕರ್ಕ್ ವಿಯೊನೆಯ ಬಗ್ಗೆ ಬರೆದ ಪುಸ್ತಕ 1991ರಲ್ಲಿ ಜಪಾನಿನಲ್ಲಿ ಬಂತು, 1998ರಲ್ಲಿ ಅಮೆರಿಕದಲ್ಲಿ. ಅದರಲ್ಲಿ ಗೌನುಗಳ ಕಟಿಂಗ್ ನಕ್ಷೆಗಳಿವೆ. ವಿಯೊನೆ ಕಾಗದದ ಮೇಲೆ ಚಿತ್ರ ಬರೆಯುವ ಬದಲು ಚಿಕ್ಕ ಮರದ ಗೊಂಬೆಗೆ ಬಟ್ಟೆ ಸುತ್ತಿ ವಿನ್ಯಾಸ ಮಾಡುತ್ತಿದ್ದಳು. ನಕಲಿಯ ಕಾಟಕ್ಕೆ ಲೇಬಲ್ಲಿನ ಮೇಲೆ ತನ್ನ ಹೆಬ್ಬೆಟ್ಟು ಒತ್ತುತ್ತಿದ್ದಳು. ಜಾನೆಟ್ ಆರ್ನಾಲ್ಡ್ 1964 ಮತ್ತು 1966ರಲ್ಲಿ ಹೊರತಂದ ಎರಡು ಸಂಪುಟಗಳೂ ಇದೇ ಸಾಲಿನವು. ಎರಡನೆಯದು 1860ರಿಂದ 1940ರವರೆಗಿನ ಉಡುಪುಗಳದ್ದು. ಮೂಲ ಉಡುಪಿನ ಅಳತೆ ತೆಗೆದು ಬರೆದ ನಕ್ಷೆಗಳು. ಫ್ರೆಂಚ್ ಬಾರದಿದ್ದರೆ ಹೇಗೆ ಎಂದು ಹೆದರಬೇಡಿ. ಗಲ್ಲಿಯ ಯಾವ ಟೈಲರಿಗಾದರೂ ಕಟಿಂಗ್ ನಕ್ಷೆ ಅರ್ಥವಾಗುತ್ತದೆ.

ಆತ್ಮಕಥೆಗಳನ್ನು ಸುಮ್ಮನೆ ಓದಲು ಕೊಳ್ಳಿ. ವಿನ್ಯಾಸಕಿ ಸ್ಕಿಯಾಪರೆಲ್ಲಿಯದು 1954ರದ್ದು, ವಿನ್ಯಾಸಕಾರ ಡಿಯೋರ್‌ನದು 1956ರದ್ದು. ಇವಕ್ಕೆ ಮರುಮುದ್ರಣಗಳಿವೆ, ಮೊದಲ ಮುದ್ರಣವೇ ಬೇಕೆಂಬ ಹಟ ಬೇಡ.

ಇನ್ನೊಂದು ಮಾತು. ಪುಸ್ತಕದ ಕೊನೆಯ ಪದಸೂಚಿಯಲ್ಲಿ 'ಇಂಡಿಯಾ', 'ಬಾಂಬೆ' ಹುಡುಕಿ ನೋಡಿ. 2023ರ ಮಾರ್ಚ್ 30ರಂದು ಗೇಟ್‌ವೇ ಆಫ್ ಇಂಡಿಯಾ ಮುಂದೆ ಡಿಯೋರ್ ಸಂಸ್ಥೆಯ ಫ್ಯಾಷನ್ ಶೋ ನಡೆದಾಗ, ಅಂಥ ಉಡುಪುಗಳಿಗೆ ನಮ್ಮೂರಿನಲ್ಲಿ ಹಾಕುವ ಕಸೂತಿಯ ಮಾತು ಎಲ್ಲರ ಬಾಯಲ್ಲೂ ಇತ್ತು. ನನ್ನ ಕಪಾಟಿನ ಹಳೆಯ ಪುಸ್ತಕಗಳಲ್ಲಿ ಮಾತ್ರ ಕಸೂತಿ ಹಾಕಿದ ಕೈಗಳ ಹೆಸರು ಸಿಗುವುದೇ ಅಪರೂಪ. ಹೆಸರು ಕೊಟ್ಟ ಪುಸ್ತಕಕ್ಕೆ ನಾನು ನೂರು ರೂಪಾಯಿ ಹೆಚ್ಚೇ ಕೊಟ್ಟೇನು.

ಪುಕ್ಕಟೆ ಓದಿ, ಆಮೇಲೆ ಕೊಳ್ಳಿ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಹಳೆಯ ಪ್ರಕಟಣೆಗಳಲ್ಲಿ ಬಹಳಷ್ಟನ್ನು ವೆಬ್‌ಸೈಟಿನಲ್ಲಿ ಉಚಿತವಾಗಿ ಇಟ್ಟಿದೆ. ಓತ್ ಕುತೂರ್ ಬಗೆಗಿನ 1995ರ ಕ್ಯಾಟಲಾಗು, ಡಿಯೋರ್ ಬಗೆಗಿನ 1996ರದ್ದು ಅಲ್ಲೇ ಸಿಗುತ್ತವೆ. ಓದಿದ ಮೇಲೂ ಕೈಯಲ್ಲಿ ಹಿಡಿಯಬೇಕು ಅನಿಸಿದರೆ ಮಾತ್ರ ದುಡ್ಡು ಬಿಚ್ಚಿ.

ಎಲ್ಲಿ ಹುಡುಕುವುದು

ಕೋಟೆ ಪ್ರದೇಶದ ಸ್ಟ್ರ್ಯಾಂಡ್ ಬುಕ್ ಸ್ಟಾಲ್ 2018ರಲ್ಲಿ ಮುಚ್ಚಿತು. ಶಾನಭಾಗರ ಆ ಅಂಗಡಿಯ ವಾರ್ಷಿಕ ರಿಯಾಯಿತಿ ಮಾರಾಟವನ್ನು ನೆನೆಯದ ಮುಂಬೈ ಕನ್ನಡಿಗ ಓದುಗರು ಕಡಿಮೆ. ಹೊಸ ಪುಸ್ತಕಕ್ಕೆ ಈಗ ಫ್ಲೋರಾ ಫೌಂಟನ್ ಹತ್ತಿರದ ಕಿತಾಬ್ ಖಾನಾ ಇದೆ. ಹಳೆಯದಕ್ಕೆ ಅಲ್ಲಿಯ ಫುಟ್‌ಪಾತ್, ಮಾಟುಂಗಾದ ಕಿಂಗ್ಸ್ ಸರ್ಕಲ್‌ನ ಸಾಲು ಅಂಗಡಿಗಳು. ಎಂಜಿನಿಯರಿಂಗ್ ಗೈಡುಗಳ ರಾಶಿಯ ಅಡಿಗೆ ಅಡ್ಡಡ್ಡ ಮಲಗಿಸಿದ ದೊಡ್ಡ ಪುಸ್ತಕಗಳನ್ನು ನೋಡಿ, ಫ್ಯಾಷನ್ನಿನವು ಅಲ್ಲೇ ಅಡಗಿರುತ್ತವೆ. ಫ್ಯಾಷನ್ ಕಾಲೇಜುಗಳ ಕೋರ್ಸ್ ಮುಗಿಯುವ ಹೊತ್ತಿಗೆ ಆ ಕಾಲೇಜುಗಳ ಸುತ್ತಿನ ರದ್ದಿ ಅಂಗಡಿಯವರಿಗೆ ನಿಮ್ಮ ಫೋನ್ ನಂಬರ್ ಕೊಟ್ಟಿಡಿ. ಅವರು ತೂಕದ ಲೆಕ್ಕದಲ್ಲಿ ಕೊಂಡಿರುತ್ತಾರೆ, ಚೌಕಾಸಿಗೆ ಸಂಕೋಚ ಬೇಡ.

ವಿದೇಶದಿಂದ ತರಿಸುವುದಾದರೆ ಮೊದಲು ಕೇಳಬೇಕಾದದ್ದು ಪುಸ್ತಕದ ತೂಕ. ಎರಡು ಮೂರು ಕಿಲೋ ತೂಗುವ ಪುಸ್ತಕಕ್ಕೆ ಅಂಚೆ ಖರ್ಚೇ ಬೆಲೆಯನ್ನು ಮೀರಿಸುತ್ತದೆ. ಆಮದು ಪುಸ್ತಕದ ಮೇಲೆ 2019ರ ಬಜೆಟ್ಟಿನಲ್ಲಿ ಬಂದ ಶೇ 5ರ ಸುಂಕವನ್ನೂ ಲೆಕ್ಕಕ್ಕೆ ಸೇರಿಸಿ.

ಕೈಗೆ ಬಂದಾಗ ಪರೀಕ್ಷೆ

ಈ ಪಾಠ ದುಡ್ಡು ಕೊಟ್ಟು ಕಲಿತದ್ದು. ಬಾಲ್ ಗೌನುಗಳ ಒಂದು ಪುಸ್ತಕವನ್ನು ಫುಟ್‌ಪಾತಿನಲ್ಲಿ 350 ರೂಪಾಯಿಗೆ ಕೊಂಡು, ಗೆದ್ದೆ ಎಂದುಕೊಂಡು, ದಾದರ್ ದಾಟುವಷ್ಟರಲ್ಲಿ ರೈಲಿನಲ್ಲೇ ಬಿಚ್ಚಿದೆ. ಒಳ್ಳೊಳ್ಳೆಯ ಆರು ವರ್ಣಚಿತ್ರಗಳೇ ಮಾಯ. ಫ್ರೇಮು ಹಾಕಿ ಮಾರಲು ಯಾರೋ ಬ್ಲೇಡಿನಲ್ಲಿ ಕೊಯ್ದಿದ್ದರು. ಮಾರಿದವನನ್ನು "ಪೂರಾ ಹೈ ಕ್ಯಾ?" ಎಂದು ಕೇಳಿಯೇ ಕೊಂಡಿದ್ದೆ, "ಏಕ್‌ದಮ್ ಪೂರಾ" ಅಂದಿದ್ದ.

ಈಗ ಕೇಳುವುದಿಲ್ಲ, ಎಣಿಸುತ್ತೇನೆ. ಮೊದಲು ಚಿತ್ರಪಟ್ಟಿ ತೆಗೆದು ಪುಟಸಂಖ್ಯೆ ತಾಳೆ ನೋಡಬೇಕು. ಆಮೇಲೆ ಪುಸ್ತಕ ಮಡಚುವ ಸಂದಿಯಲ್ಲಿ ಬೆರಳಾಡಿಸಿ: ಕೊಯ್ದಿದ್ದರೆ ಕಾಗದದ ಚೂರು ಕೈಗೆ ಸಿಗುತ್ತದೆ. ಹೊಲಿದ ಪುಸ್ತಕದಲ್ಲಿ ಒಂದು ಹಾಳೆ ಬುಡದಿಂದ ಹೋದರೆ ಅದರ ಜೋಡಿ ಹಾಳೆಯೂ ಸಡಿಲವಾಗಿರುತ್ತದೆ. ಹೊಲಿದದ್ದೋ ಬರೀ ಗೋಂದೋ ಎಂದು ತಿಳಿಯಲು ಬೆನ್ನಿನ ತುದಿಯನ್ನು ಮೇಲಿನಿಂದ ನೋಡಿ. ಮಡಿಚಿದ ಹಾಳೆಗಳ ಸಣ್ಣ ಕಂತೆಗಳು ಸಾಲಾಗಿ ಕಂಡರೆ ಹೆಚ್ಚಾಗಿ ಹೊಲಿಗೆಯೇ. ಭಾರದ ಪುಸ್ತಕಕ್ಕೆ ಬರೀ ಗೋಂದು ಬಾಳುವುದಿಲ್ಲ.

ಮುದ್ರಣ ಎಷ್ಟನೆಯದು ಎಂದು ತಿಳಿಯಲು ಹಕ್ಕುಸ್ವಾಮ್ಯದ ಪುಟದ ಅಂಕಿಗಳ ಸಾಲು ನೋಡಿ. ಸಾಮಾನ್ಯವಾಗಿ ಅದರಲ್ಲಿ ಉಳಿದಿರುವ ಅತಿ ಚಿಕ್ಕ ಅಂಕಿಯೇ ಮುದ್ರಣದ ಸಂಖ್ಯೆ. ಹೊರಹೊದಿಕೆ ಹರಿದಿದ್ದರೂ ಎಸೆಯಬೇಡಿ, ಮುಂದೆ ಮಾರುವಾಗ ಅದಕ್ಕೂ ಬೆಲೆ ಇದೆ.

ಮುಂಬೈ ಮಳೆ

ಚಿತ್ರದ ಪುಸ್ತಕಗಳು ಹೆಚ್ಚಾಗಿ ನುಣುಪಾದ ಆರ್ಟ್ ಪೇಪರಿನವು. ಆ ನುಣುಪು ಜೇಡಿಯಂಥ ಲೇಪದಿಂದ ಬಂದದ್ದು. ಒದ್ದೆಯಾಗಿ ಹಾಗೇ ಒಣಗಿದರೆ ಪುಟಕ್ಕೆ ಪುಟ ಅಂಟಿ ಇಟ್ಟಿಗೆಯಾಗುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಒಂದು ಜುಲೈಯಲ್ಲಿ ಕಿಟಕಿಯ ಎರಚಲಿಗೆ ನನ್ನದೊಂದು ಹೀಗೇ ಹೋಯಿತು. ಒದ್ದೆಯಾದ ತಕ್ಷಣ, ಒಣಗುವ ಮೊದಲೇ, ಪುಟಪುಟದ ನಡುವೆ ತೆಳ್ಳನೆಯ ಬಿಳಿ ಕಾಗದ ಇಡಬೇಕು. ಅಷ್ಟು ಪುರುಸೊತ್ತಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಇಡಿ, ಸಮಯ ಸಿಗುತ್ತದೆ. ಮೀನಿನ ಪಕ್ಕ ಮದಾಮ್ ಗ್ರೆಯನ್ನು ಕಂಡ ಅತ್ತೆ ಎರಡು ದಿನ ಮಾತಾಡಲಿಲ್ಲ.

ಕಪಾಟು ಹೊರಗೋಡೆಗೆ ತಾಗದಿರಲಿ, ಬೆನ್ನ ಹಿಂದೆ ನಾಲ್ಕು ಬೆರಳು ಜಾಗ ಬಿಡಿ. ದೊಡ್ಡ ಪುಸ್ತಕ ನಿಲ್ಲಿಸಿದರೆ ಒಳಗಿನ ಹಾಳೆಗಳ ಭಾರ ಬೆನ್ನನ್ನು ಜಗ್ಗುತ್ತದೆ. ಮಲಗಿಸಿ, ಒಂದರ ಮೇಲೊಂದು ಮೂರಕ್ಕಿಂತ ಹೆಚ್ಚಿಲ್ಲ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಆಗಾಗ ಬದಲಿಸಿ. ಬಿಸಿಲಿಗೆ ಹರಡುವ ಅಜ್ಜಿಯ ಉಪಾಯ ಹಪ್ಪಳಕ್ಕೆ ಸರಿ, ವರ್ಣಚಿತ್ರಕ್ಕಲ್ಲ, ಬಣ್ಣ ಹೋಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಒಳಗಿನ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ಹಳೆಯ ಕಾಟನ್ ಸೀರೆ ಹೊದಿಸುವುದೇ ಲೇಸು.

ಲೆಕ್ಕದ ಪುಸ್ತಕ

ಕೊಂಡ ದಿನವೇ ಬರೆದಿಡಿ: ಎಲ್ಲಿ, ಎಷ್ಟಕ್ಕೆ, ಎಷ್ಟನೆಯ ಮುದ್ರಣ, ಯಾವ ಪುಟ ಇಲ್ಲ, ಯಾರಿಗೆ ಓದಲು ಕೊಟ್ಟೆ. ನಾನು ಬರೆಯುವುದು ಅಪ್ಪನ ಅಳತೆ ಪುಸ್ತಕದ ಖಾಲಿ ಬಲಪುಟಗಳಲ್ಲಿ. ಎಡಗಡೆ ಯಾರದೋ ಎದೆ 38, ಸೊಂಟ 34, "ಎಡ ಭುಜ ತುಸು ಇಳಿದಿದೆ". ಬಲಗಡೆ ಮೊನ್ನೆಯ ಸಾಲು: ಕಿಂಗ್ಸ್ ಸರ್ಕಲ್, ಫಾರ್ಚುನಿ, 600 ರೂಪಾಯಿ, ಹೊಲಿದ ಬೈಂಡಿಂಗ್, ಚಿತ್ರಗಳು ಎಲ್ಲ ಇವೆ.