ಮೊದಲು ಶುಂಠಿ, ಆಮೇಲೆ ಹಾಲು

ಹರಕೆ ಆಟದ, ಅಂದರೆ ಹರಕೆ ಹೊತ್ತು ಆಡಿಸುವ ಯಕ್ಷಗಾನದ ದಿನ ರಾತ್ರಿ ಹನ್ನೆರಡೂವರೆಗೆ ನನ್ನ ಕಣ್ಣೆದುರೇ ಆರು ಲೀಟರ್ ಹಾಲು ಒಡೆಯಿತು.

ನಮ್ಮ ಮನೆ ಇರುವುದು ಉಡುಪಿ ಹತ್ತಿರದ ಬ್ರಹ್ಮಾವರದಿಂದ ಸ್ವಲ್ಪ ಒಳಗೆ. ಆ ವರ್ಷ ಕೊಯ್ಲು ಮುಗಿದ ಮೇಲೆ ಮನೆ ಎದುರಿನ ಗದ್ದೆಯಲ್ಲೇ ರಂಗಸ್ಥಳ ಹಾಕಿಸಿದ್ದೆವು. ಬೆಳಗಿನವರೆಗಿನ ಆಟ. ಊಟದ ಜವಾಬ್ದಾರಿ ಅಡುಗೆ ಭಟ್ರದ್ದು. ನಡುರಾತ್ರಿಯ ಚಾ ನಾನು ನೋಡಿಕೊಳ್ಳುತ್ತೇನೆ ಅಂತ ನಾನೇ ಮುಂದೆ ಬಂದಿದ್ದೆ. ಮನೆಯಲ್ಲಿ ದಿನಾ ಮಸಾಲೆ ಚಾ ಮಾಡುವವನು ನಾನೇ. ನಾಲ್ಕು ಲೋಟಕ್ಕೆ ಮಾಡುವುದನ್ನೇ ನೂರಿಪ್ಪತ್ತು ಲೋಟಕ್ಕೆ ಮಾಡಿದರಾಯಿತು, ಅಷ್ಟೇ ಅಲ್ವಾ ಅಂದುಕೊಂಡಿದ್ದೆ.

ದೊಡ್ಡ ತಪಲೆಯಲ್ಲಿ ಹಾಲು ಹೊಯ್ದು, ಜಜ್ಜಿದ ಶುಂಠಿಯನ್ನೂ ಅದಕ್ಕೇ ಹಾಕಿ, ಸಣ್ಣ ಉರಿಯಲ್ಲಿ ಇಟ್ಟೆ. ನೀರು ಬೇರೆ ಪಾತ್ರೆಯಲ್ಲಿ ಕಾಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಸೌಟು ಆಡಿಸಿದರೆ ಕೈಗೆ ಏನೋ ದಪ್ಪ ಸಿಕ್ಕಿದ ಹಾಗೆ ಆಯಿತು. ಎತ್ತಿ ನೋಡಿದೆ. ಸೌಟಿನ ಅಂಚಿಗೆ ಬಿಳಿ ಗರಣೆ ಅಂಟಿಕೊಂಡಿತ್ತು, ನಡುವೆ ತಿಳಿ ಹಸಿರು ನೀರು. ಆಚೆ ಗದ್ದೆಯಲ್ಲಿ ಚಂಡೆ ಜೋರಾಗಿ ಕೇಳುತ್ತಿತ್ತು. ನನಗೆ ಕೈಕಾಲೇ ಆಡಲಿಲ್ಲ.

ಭಟ್ರು ಬಂದು ತಪಲೆಗೆ ಬಗ್ಗಿ ನೋಡಿದರು. ಬೈಯಲಿಲ್ಲ. "ಹೋಯ್ ಮಾಣಿ, ಮೊದ್ಲ್ ಶುಂಠಿ ಕುದೀಕ್. ಮತ್ತೆ ಹಾಲ್" ಅಂದರು, ಅಷ್ಟೇ. ಆಮೇಲೆ ಕಾಯುತ್ತಿದ್ದ ನೀರಿಗೇ ಶುಂಠಿ, ಒಳ್ಳೆಮೆಣಸು (ಕಾಳುಮೆಣಸು) ಗುದ್ದಿ ಹಾಕಿ, ಚಾ ಹುಡಿ ಹಾಕಿ, ಓಲೆಬೆಲ್ಲ ಕರಗಿಸಿ ಕಣ್ಣ ಚಾ ಮಾಡಿಸಿದರು. ಆ ರಾತ್ರಿ ಆಟ ನೋಡಲು ಬಂದವರೆಲ್ಲ ಹಾಲಿಲ್ಲದ ಚಾವನ್ನೇ ಕುಡಿದರು. ಯಾರೂ ದೂರಲಿಲ್ಲ. ಆದರೂ ಅಷ್ಟು ಹಾಲು ಹಾಳಾದದ್ದು ನನಗೆ ತುಂಬ ದಿನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅದರಲ್ಲಿ ಅರ್ಧ ಪಕ್ಕದ ಮನೆಯ ಅತ್ತೆ ದುಡ್ಡು ಬೇಡ ಅಂತ ಕೊಟ್ಟ ಹಾಲು.

ಹಾಲು ಯಾಕೆ ಒಡೆಯಿತು ಅಂತ ಆಮೇಲೆ ಓದಿ, ಮನೆಯಲ್ಲಿ ಸಣ್ಣ ಲೋಟದಲ್ಲಿ ಮಾಡಿಯೂ ನೋಡಿದೆ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವ ಇದೆ. ಹಾಲು 60–70 ಡಿಗ್ರಿ ಬಿಸಿ ಇರುವಾಗ ಅದರ ಕೆಲಸ ಜೋರು. ಚೆನ್ನಾಗಿ ಕುದಿಸಿದರೆ ಅದು ಸತ್ತು ಹೋಗುತ್ತದೆ. ಚೀನಾದ ಗುವಾಂಗ್‌ಡಾಂಗ್ ಕಡೆ ಬೇಕೆಂದೇ ಬಿಸಿ ಹಾಲನ್ನು ಶುಂಠಿ ರಸಕ್ಕೆ ಹೊಯ್ದು, ನಮ್ಮ ಗಿಣ್ಣಿನ ಹಾಗೆ ಗಟ್ಟಿ ಮಾಡಿ ತಿನ್ನುತ್ತಾರಂತೆ. ಮನೆಯಲ್ಲಿ ಅರ್ಧ ಲೀಟರ್ ಹಾಲಿಗೆ ಶುಂಠಿ ಹಾಕಿ ದೊಡ್ಡ ಉರಿಯಲ್ಲಿಟ್ಟರೆ ಹಾಲು ಆ ಬಿಸಿಯನ್ನು ದಾಟಿ ಒಂದೆರಡು ನಿಮಿಷದಲ್ಲಿ ಕುದಿಯುತ್ತದೆ. ಕಿಣ್ವಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಅದಕ್ಕೇ ಮನೆಯಲ್ಲಿ ಇಷ್ಟು ವರ್ಷ ನನ್ನ ತಪ್ಪು ಗೊತ್ತಾಗಿರಲಿಲ್ಲ. ಆರು ಲೀಟರ್ ಹಾಲು ಸಣ್ಣ ಉರಿಯಲ್ಲಿ ಆ ಹಂತ ದಾಟುವುದಕ್ಕೆ ಕಾಲು ಗಂಟೆ ಬೇಕು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವತ್ತಿನಿಂದ ಚಾ ಮಾಡುವುದನ್ನು ಮೊದಲಿನಿಂದ ಕಲಿತೆ ಅಂತಲೇ ಹೇಳಬೇಕು. ಯಾವುದು ಎಷ್ಟು ಅನ್ನುವುದಕ್ಕಿಂತ ಯಾವುದು ಯಾವಾಗ ಅನ್ನುವುದು ದೊಡ್ಡದು.

ನಮ್ಮ ಕಡೆಯವರಿಗೆ ಇನ್ನೊಂದು ತೊಂದರೆ ಇದೆ. ನಮ್ಮ ನಾಲಿಗೆಗೆ ಮೊದಲು ಹತ್ತಿದ್ದು ಕಷಾಯ. ಅಜ್ಜಿ ಇರುವಾಗ ಮನೆಯಲ್ಲಿ ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತೆ, ಒಳ್ಳೆಮೆಣಸು, ಬಡೇಸೊಪ್ಪು ಎಲ್ಲ ಹುರಿದು ಹುಡಿ ಮಾಡಿ ಡಬ್ಬದಲ್ಲಿ ಇಡುತ್ತಿದ್ದರು. ಬೆಲ್ಲ, ಹಾಲು ಹಾಕಿ ಕುದಿಸಿದರೆ ಅದೇ ಕಷಾಯ. ನಾನು ಮಸಾಲೆ ಚಾ ಶುರು ಮಾಡಿದಾಗ ಅದೇ ಹುಡಿಯನ್ನು ಚಾಕ್ಕೆ ಒಂದು ಚಮಚ ಹಾಕುತ್ತಿದ್ದೆ. ಕುಡಿದರೆ ಚಾವೂ ಅಲ್ಲ, ಕಷಾಯವೂ ಅಲ್ಲ. ಹುರಿದ ಕೊತ್ತಂಬರಿ ಬಂದರೆ ಸಾರಿನ ಪರಿಮಳ ಬರುತ್ತದೆ. ಮೆಂತೆಯ ಕಹಿ ಚಾ ಹುಡಿಯ ಒಗರಿನ ಜೊತೆ ಸೇರಿ ಗಂಟಲಲ್ಲೇ ನಿಲ್ಲುತ್ತದೆ. ಕಷಾಯದಲ್ಲಿ ಮಸಾಲೆಯೇ ಯಜಮಾನ. ಚಾದಲ್ಲಿ ಚಾ ಹುಡಿ ಮುಂದೆ ಇರಬೇಕು, ಮಸಾಲೆ ಅದರ ಹಿಂದಿನಿಂದ ಬರಬೇಕು. ಇದು ತಿಳಿಯುವುದಕ್ಕೆ ನನಗೆ ಒಂದು ವರ್ಷ ಬೇಕಾಯಿತು. ಈಗ ಎರಡು ಡಬ್ಬ ಬೇರೆ ಬೇರೆ ಇವೆ, ಚಮಚ ಕೂಡ ಬೇರೆ.

ಚಾದ ಡಬ್ಬದಲ್ಲಿ ಇರುವುದು ನಾಲ್ಕೇ ಸಾಮಾನು: ಏಲಕ್ಕಿ, ಒಳ್ಳೆಮೆಣಸು, ಚೆಕ್ಕೆ, ಲವಂಗ. ಯಾವುದನ್ನೂ ಹುರಿಯುವುದಿಲ್ಲ. ಹುಡಿಯೂ ಮಾಡಿಡುವುದಿಲ್ಲ. ಆಯಾ ಹೊತ್ತಿಗೆ ಬೇಕಾದಷ್ಟೇ ಕುಟ್ಟಾಣಿಯಲ್ಲಿ ಗುದ್ದಿಕೊಳ್ಳುತ್ತೇನೆ. ಒಳ್ಳೆಮೆಣಸು ನಮ್ಮದೇ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯದ್ದು. ತುಳುವಿನಲ್ಲಿ ಇದಕ್ಕೆ ಎಡ್ಡೆ ಮುಂಚಿ ಅನ್ನುತ್ತಾರೆ, ಅಂದರೆ ಒಳ್ಳೆಯ ಮೆಣಸು. ನಮ್ಮ ಒಳ್ಳೆಮೆಣಸೂ ಅದೇ ಮಾತು. ಹಸಿ ಶುಂಠಿ ಸಿಗದ ದಿನ ಒಣಶುಂಠಿ ಹಾಕಬಹುದು. ಆದರೆ ಕಾಲು ಭಾಗ ಸಾಕು. ಶುಂಠಿ ಒಣಗುವಾಗ ಅದರ ಖಾರವೇ ಬೇರೆ ರೂಪಕ್ಕೆ ತಿರುಗಿ ಜಾಸ್ತಿಯಾಗುತ್ತದೆ, ಗಂಟಲು ಉರಿಯುತ್ತದೆ.

ನಾಲ್ಕು ಲೋಟಕ್ಕೆ ನಾನು ಮಾಡುವ ಕ್ರಮ ಹೇಳುತ್ತೇನೆ. ಎರಡೂವರೆ ಲೋಟ ನೀರು ಇಟ್ಟು, ಹೆಬ್ಬೆರಳಿನ ತುದಿಯಷ್ಟು ಶುಂಠಿ, ನಾಲ್ಕು ಕಾಳು ಒಳ್ಳೆಮೆಣಸು, ಉಗುರಿನಷ್ಟು ಚೆಕ್ಕೆ, ಒಂದೇ ಒಂದು ಲವಂಗ ಗುದ್ದಿ ಹಾಕುತ್ತೇನೆ. ನೀರು ಕುದಿ ಬಂದ ಮೇಲೆ ಐದು ನಿಮಿಷ ಬಿಡಬೇಕು. ಹತ್ತಿರ ನಿಂತರೆ ಗೊತ್ತಾಗುತ್ತದೆ. ಮೊದಲು ಬರುವುದು ಹಸಿ ಶುಂಠಿಯ ಚುಚ್ಚುವ ವಾಸನೆ. ಅದು ಇಳಿದು ಸ್ವಲ್ಪ ಸಿಹಿ ವಾಸನೆ ಬಂದಾಗ ಚಾ ಹುಡಿ ಹಾಕುವ ಹೊತ್ತು. ನಾಲ್ಕು ಸಣ್ಣ ಚಮಚ. ಎರಡು ನಿಮಿಷ ಕುದಿಯಬೇಕು. ಆಮೇಲೆ ಎರಡು ಲೋಟ ಹಾಲು, ಅದೂ ಬಿಸಿ ಹಾಲು. ಫ್ರಿಜ್ಜಿನಿಂದ ತೆಗೆದ ತಣ್ಣನೆ ಹಾಲು ಹೊಯ್ದರೆ ಕುದಿ ನಿಂತು ಬಿಡುತ್ತದೆ. ಮತ್ತೆ ಕುದಿ ಬರುವವರೆಗೆ ಹುಡಿ ಸುಮ್ನೆ ನೆನೆದು ಒಗರು ಬಿಡುತ್ತದೆ. ಎರಡು ಸಲ ಉಕ್ಕಿಸಿ ಇಳಿಸಬೇಕು. ಮೂರನೇ ಸಲ ಉಕ್ಕುವ ಮೊದಲು ಬೆಂಕಿ ಆರಿಸಿ, ನಾಲ್ಕು ಏಲಕ್ಕಿಯನ್ನು ಸಕ್ಕರೆ ಜೊತೆ ಗುದ್ದಿ ಹಾಕಿ ಮುಚ್ಚಿ ಇಡಬೇಕು.

ಏಲಕ್ಕಿ ಕೊನೆಗೆ ಅನ್ನುವುದು ನನ್ನ ಹಟ. ಎಷ್ಟೋ ಜನ ಶುಂಠಿ ಜೊತೆಗೇ ಹಾಕುತ್ತಾರೆ. ಏಲಕ್ಕಿಯ ಪರಿಮಳ ಹಬೆಯ ಜೊತೆ ಹಾರಿ ಹೋಗುವಂಥದ್ದು. ಹತ್ತು ನಿಮಿಷ ಕುದಿಸಿದರೆ ಅಡುಗೆಮನೆ ತುಂಬ ಪರಿಮಳ, ಲೋಟದಲ್ಲಿ ಏನೂ ಇಲ್ಲ. ಸಿಪ್ಪೆಯನ್ನು ಬೇಕಾದರೆ ಮೊದಲೇ ನೀರಿಗೆ ಹಾಕಿ. ಕಾಳು ಮಾತ್ರ ಕೊನೆಗೆ.

ಚಾ ಹುಡಿ ಬಗ್ಗೆ ಒಂದು ಮಾತು. ಈ ಚಾಕ್ಕೆ ದುಬಾರಿ ಎಲೆ ಬೇಡ, ಸಣ್ಣ ಹರಳಿನ ಸಿಟಿಸಿ (ಕ್ರಷ್, ಟಿಯರ್, ಕರ್ಲ್) ಹುಡಿಯೇ ಬೇಕು. ಎಲೆಯನ್ನು ಹಲ್ಲಿರುವ ಉರುಳೆಗಳ ನಡುವೆ ಹಾಕಿ ನುರಿದು, ಹರಿದು, ಉಂಡೆ ಕಟ್ಟಿಸುವ ಆ ಯಂತ್ರ ಬಂದದ್ದು 1930ರ ದಶಕದಲ್ಲಿ, ಅಸ್ಸಾಮಿನಲ್ಲಿ. ಅದರಿಂದ ಕಡಿಮೆ ಹುಡಿಯಲ್ಲಿ ಬೇಗ ಬಣ್ಣ, ಬೇಗ ಕಡಕು ಸಿಗುವ ಹಾಗೆ ಆಯಿತು. ಹಾಲು, ಸಕ್ಕರೆ, ಮಸಾಲೆ ಎಲ್ಲವನ್ನೂ ತಡೆದುಕೊಳ್ಳುವ ಶಕ್ತಿ ಇರುವುದು ಆ ಹುಡಿಗೇ. ಹಾಲಿನ ಪ್ರೋಟೀನು ಚಾದ ಒಗರನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಕಣ್ಣ ಚಾ ಆಗಿ ಕುಡಿಯಲು ಆಗದಷ್ಟು ಕಡಕಾದ ಡಿಕಾಕ್ಷನ್ ಕೂಡ ಹಾಲು ಬಿದ್ದ ಕೂಡಲೇ ಹದಕ್ಕೆ ಬರುತ್ತದೆ. ಘಟ್ಟದ ಮೇಲೆ ಚಿಕ್ಕಮಗಳೂರಿನ ಕಾಫಿ ಇದ್ದರೂ ನಮ್ಮ ಗದ್ದೆ ಕೆಲಸದ ಹತ್ತು ಗಂಟೆಗೆ ಚಾ ಬೇಕು. ತುಳು ಮಾತಾಡುವ ನನ್ನ ಗೆಳೆಯರು ಸಿಕ್ಕಿದ ಕೂಡಲೇ ಹೇಳುವುದು "ಚಾ ಪರ್ಕ", ಅಂದರೆ ಚಾ ಕುಡಿಯೋಣ ಅಂತಲೇ.

ನೀರನ್ನೂ ನೋಡಬೇಕು. ಹೊಳೆ ಅಳಿವೆ ಹತ್ತಿರದ ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೀರು ಉಪ್ಪಾಗುತ್ತದೆ. ಆ ನೀರಿನಲ್ಲಿ ಎಂಥ ಹುಡಿ ಹಾಕಿದರೂ ಚಾ ಸಪ್ಪೆ. ಆ ಎರಡು ತಿಂಗಳು ಚಾಕ್ಕೆ ಮಾತ್ರ ಮೇಲಿನ ಮನೆಯ ಬಾವಿಯಿಂದ ಒಂದು ಕೊಡ ತರುತ್ತೇನೆ. ಹಾಲು ಮನೆಗೆ ನಂದಿನಿ ನೀಲಿ ಪ್ಯಾಕೆಟ್ ಸಾಕು, ಅದರಲ್ಲಿ ಕೊಬ್ಬು ಶೇಕಡಾ 3. ಇನ್ನೂ ದಪ್ಪ ಹಾಲಾದರೆ ಶುಂಠಿ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಬೆಲ್ಲ ಹಾಕುವವರು ಒಲೆ ಆರಿಸಿದ ಮೇಲೆಯೇ ಹಾಕಿ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಸಾಧ್ಯತೆ ಇದೆ.

ಎರಡು ವರ್ಷ ಬಿಟ್ಟು ಮತ್ತೆ ನಮ್ಮಲ್ಲಿ ಆಟ ಆಯಿತು. ಭಟ್ರು ಅವರೇ. ಚಾ ನಾನೇ ಮಾಡುತ್ತೇನೆ ಅಂದೆ. ಅವರು ಸುಮ್ಮನೆ ತಲೆ ಆಡಿಸಿದರು.

ಈ ಸಲ ಆರೂವರೆ ಲೀಟರ್ ನೀರು, ಆರು ಲೀಟರ್ ಹಾಲು. ಮನೆಯ ಅಳತೆಯನ್ನು ಮೂವತ್ತರಿಂದ ಗುಣಿಸಲಿಲ್ಲ. ದೊಡ್ಡ ಪಾತ್ರೆಯಲ್ಲಿ ಎಲ್ಲವೂ ಜಾಸ್ತಿ ಹೊತ್ತು ಕುದಿಯುತ್ತದೆ, ಹಾಗಾಗಿ ಸಾರ ಜಾಸ್ತಿ ಬಿಡುತ್ತದೆ. ಲೆಕ್ಕಕ್ಕೆ ಮುನ್ನೂರೈವತ್ತು ಗ್ರಾಂ ಶುಂಠಿ ಬೇಕು, ನಾನು ಹಾಕಿದ್ದು ಇನ್ನೂರೈವತ್ತು. ಲವಂಗ ಮೂವತ್ತರ ಬದಲು ಹದಿನೈದು. ಲವಂಗ ಒಂದು ಜಾಸ್ತಿಯಾದರೂ ನಾಲಿಗೆ ಮರಗಟ್ಟಿ ಹಲ್ಲಿನ ಮದ್ದಿನ ನೆನಪಾಗುತ್ತದೆ. ಒಳ್ಳೆಮೆಣಸು ಒಂದು ದೊಡ್ಡ ಚಮಚ, ಬೆರಳುದ್ದದ ನಾಲ್ಕು ತುಂಡು ಚೆಕ್ಕೆ. ಚಾ ಹುಡಿ ಮುನ್ನೂರು ಗ್ರಾಂ, ಸಕ್ಕರೆ ಒಂದು ಕೆಜಿಗೆ ಸ್ವಲ್ಪ ಕಡಿಮೆ. ಏಲಕ್ಕಿ ಮಾತ್ರ ಕಡಿಮೆ ಮಾಡಲಿಲ್ಲ, ಇಪ್ಪತ್ತೈದು ಗ್ರಾಂ, ಯಾಕೆಂದರೆ ಅದು ಕುದಿಯುವುದೇ ಇಲ್ಲ.

ಹಾಲನ್ನು ಬೇರೆ ಒಲೆಯಲ್ಲಿ ಪೂರ್ತಿ ಕುದಿಸಿ ಇಟ್ಟುಕೊಂಡೆ. ನೀರಿನಲ್ಲಿ ಶುಂಠಿ, ಮಸಾಲೆ ಹತ್ತು ನಿಮಿಷ ಕುದಿಯಿತು. ಚಾ ಹುಡಿಯನ್ನು ಒಂದೇ ಸಲ ಸುರಿಯದೆ ಮೇಲಿನಿಂದ ಉದುರಿಸಿದೆ. ಒಟ್ಟಿಗೆ ಬಿದ್ದರೆ ನೊರೆ ಎದ್ದು ಉಕ್ಕಿ ಒಲೆ ಆರುತ್ತದೆ. ನಾಲ್ಕು ನಿಮಿಷದ ಮೇಲೆ ಕುದಿಯುವ ನೀರಿಗೆ ಕುದಿಯುವ ಹಾಲು. ನೀರು ಮಣ್ಣಿನ ಬಣ್ಣದಿಂದ ಹೊಸ ಹಂಚಿನ ಬಣ್ಣಕ್ಕೆ ತಿರುಗಿತು. ಸೌಟು ಎತ್ತಿ ಎತ್ತಿ ಹೊಯ್ದೆ, ಗರಣೆ ಕಾಣಲಿಲ್ಲ. ಎರಡು ಕುದಿ ಬರಿಸಿ, ಏಲಕ್ಕಿ ಹಾಕಿ, ಮುಚ್ಚಳ ಮುಚ್ಚಿ ಮೂರು ನಿಮಿಷ ಬಿಟ್ಟೆ.

ಸೋಸುವುದಕ್ಕೆ ಹೊಸ ಬೈರಾಸು. ಹೊಸ ಬಟ್ಟೆಗೆ ಗಂಜಿಯ ವಾಸನೆ ಇರುತ್ತದೆ, ಸಾಬೂನು ಹಾಕಿ ತೊಳೆದರೆ ಸಾಬೂನಿನ ವಾಸನೆ. ಹಿಂದಿನ ದಿನವೇ ಬರೀ ನೀರಲ್ಲಿ ಎರಡು ಸಲ ಕುದಿಸಿ ಬಿಸಿಲಿಗೆ ಹಾಕಿದ್ದೆ. ಇಬ್ಬರು ಎರಡು ಕಡೆ ಹಿಡಿದರು, ನಾನು ಹೊಯ್ದೆ. ಬಟ್ಟೆಯನ್ನು ಹಿಂಡಬಾರದು. ಹಿಂಡಿದರೆ ಹುಡಿಯ ಕಹಿಯೆಲ್ಲ ಇಳಿಯುತ್ತದೆ.

ಮೊದಲ ಲೋಟ ಭಟ್ರಿಗೆ ಕೊಟ್ಟೆ. ಊದಿ ಊದಿ ಅರ್ಧ ಕುಡಿದರು. ಉಳಿದ ಅರ್ಧವನ್ನು ಲೋಟದಲ್ಲಿ ತಿರುಗಿಸಿ ತಳ ನೋಡಿದರು. ಆಮೇಲೆ "ಮೊದ್ಲ್ ಚೌಕಿಗೆ ಕೊಡಿ" ಅಂದರು. ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಆ ಚೌಕಿಗೆ ನಾನೇ ತಟ್ಟೆ ಹಿಡಿದು ಹೋದೆ. ಬಣ್ಣ ಹಚ್ಚಿ ಮೀಸೆ ಕಟ್ಟಿದ್ದ ಕಲಾವಿದರೊಬ್ಬರು ತುಟಿ ಮಾತ್ರ ತಾಗಿಸಿ, ಬಣ್ಣ ಹಾಳಾಗದ ಹಾಗೆ ನಿಧಾನವಾಗಿ ಕುಡಿದರು. ಲೋಟ ಕೊಡುವಾಗ "ಬೆಳಗಿನ ಜಾವಕ್ಕೆ ಇನ್ನೊಂದು ಸಲ ಮಾಡ್ತೀರಾ?" ಅಂತ ಕೇಳಿದರು.

ಉಳಿದದ್ದನ್ನು ಬಿಸಿ ಮಾಡಿ ಕೊಡಲಿಲ್ಲ. ನಾಲ್ಕು ಗಂಟೆಗೆ ಹೊಸ ನೀರಿಟ್ಟು ಮತ್ತೆ ಶುಂಠಿ ಗುದ್ದಿದೆ.