ರಾಕೆಟ್ಟಿನ ಫಿನ್‌ಗೆ ಯಾವ ಅಂಟು, ಎಷ್ಟು ಅಂಟು?

ಮಾಡೆಲ್ ರಾಕೆಟ್ ಕಟ್ಟಲು ಶುರು ಮಾಡಿದವರೆಲ್ಲ ನನ್ನನ್ನು ಕೇಳುವುದು ಒಂದೇ: ಎಲ್ಲಕ್ಕಿಂತ ಗಟ್ಟಿ ಅಂಟು ಯಾವುದು? ಸಣ್ಣ ರಾಕೆಟ್ಟಿಗೆ ಈ ಪ್ರಶ್ನೆಯಿಂದ ಏನೂ ಉಪಯೋಗವಿಲ್ಲ. ಕಾಗದದ ಟ್ಯೂಬಿಗೆ ಬಾಲ್ಸಾ ಅನ್ನುವ ಹಗುರ ಮರದ ಫಿನ್, ಅಂದರೆ ಬಾಲದ ರೆಕ್ಕೆ, ಸರಿಯಾಗಿ ಅಂಟಿಸಿದ್ದರೆ, ನೆಲಕ್ಕೆ ಬಡಿದಾಗ ಅಂಟು ಬಿಡುವುದಿಲ್ಲ. ಫಿನ್ ಮುರಿಯುತ್ತದೆ, ಇಲ್ಲವೇ ಟ್ಯೂಬಿನ ಮೇಲ್ಪದರ ಕಿತ್ತು ಬರುತ್ತದೆ. ಅದಕ್ಕಿಂತ ಗಟ್ಟಿ ಅಂಟು ತಂದು ಏನು ಮಾಡುವುದು?

ನಾನಿರುವುದು ಹ್ಯೂಸ್ಟನ್‌ನಲ್ಲಿ. ಕಟ್ಟುವುದು ಹೆಚ್ಚಾಗಿ ಎಸ್ಟೆಸ್ ಕಂಪನಿಯ ಕಿಟ್‌ಗಳು, ಸಿ6-5 ಮೋಟಾರಿನವು. ಅಂದರೆ ಹೆಸರಿನ ಪ್ರಕಾರ ಸರಾಸರಿ 6 ನ್ಯೂಟನ್ ತಳ್ಳು, ಉರಿದು ಮುಗಿದ 5 ಸೆಕೆಂಡಿಗೆ ಪ್ಯಾರಾಶೂಟ್ ಹೊರಗೆ. ಈ ಮಟ್ಟದ ರಾಕೆಟ್ಟಿಗೆ ನನ್ನ ಮುಖ್ಯ ಅಂಟು ಟೈಟ್‌ಬಾಂಡ್ 2, ಹಳದಿ ಮರದ ಅಂಟು. ನಮ್ಮೂರ ಬಡಗಿಗಳ ಫೆವಿಕಾಲ್‌ಗೆ ಹತ್ತಿರದ ನೆಂಟ. ಕಾಗದ ಮತ್ತು ಮರದ ನಾರಿನೊಳಗೆ ಇಳಿದು ಹಿಡಿಯುತ್ತದೆ. ಆದರೆ ಟ್ಯೂಬಿನ ಮೇಲೆ ನುಣುಪಾದ ಹೊಳಪು ಪದರ ಇರುತ್ತದಲ್ವಾ, ಅದು ಅಂಟನ್ನು ಒಳಗೆ ಬಿಡುವುದಿಲ್ಲ. ಫಿನ್ ಕೂರುವ ಗೆರೆಯನ್ನು ಪೆನ್ಸಿಲ್‌ನಲ್ಲಿ ಎಳೆದು, ಅಷ್ಟಗಲ ಮಾತ್ರ 220 ನಂಬರಿನ ಉಪ್ಪುಕಾಗದದಿಂದ ಉಜ್ಜಿ ಹೊಳಪು ತೆಗೆಯುತ್ತೇನೆ. ಅಂಟಿನ ಬ್ರ್ಯಾಂಡ್ ಯಾವುದು ಅನ್ನುವುದಕ್ಕಿಂತ ಈ ಉಜ್ಜುವ ಕೆಲಸ ಮುಖ್ಯ.

ಅಂಟಿಸುವುದು ಎರಡು ಸಲ. ಮೊದಲು ಫಿನ್ನಿನ ಬುಡಕ್ಕೂ ಟ್ಯೂಬಿನ ಗೆರೆಗೂ ತೆಳ್ಳಗೆ ಸವರಿ, ಒಂದಕ್ಕೊಂದು ತಾಗಿಸಿ ತೆಗೆದು, ಕೆಲವು ನಿಮಿಷ ಆರಲು ಬಿಡುತ್ತೇನೆ. ಆಮೇಲೆ ಇನ್ನೊಂದು ತೆಳು ಗೆರೆ ಹಾಕಿ ಒತ್ತಿದರೆ ಅರ್ಧ ನಿಮಿಷದಲ್ಲೇ ಕಚ್ಚಿಕೊಳ್ಳುತ್ತದೆ. ಫಿನ್ ಹಿಡಿದುಕೊಂಡು ಸುಮ್ನೆ ಕೂರುವ ಶಿಕ್ಷೆ ತಪ್ಪುತ್ತದೆ.

ಇದೇ ಹಳದಿ ಅಂಟು ಮೋಟಾರ್ ಮೌಂಟ್ (ಮೋಟಾರನ್ನು ಹಿಡಿದಿಡುವ ಒಳಕೊಳವೆ) ಟ್ಯೂಬಿನೊಳಗೆ ತೂರಿಸುವಾಗ ಕೈಕೊಡಬಹುದು. ಬಿಗಿಯಾದ ಕಾಗದದ ರಿಂಗು ಅಂಟಿನ ನೀರು ಕುಡಿದು ಊದಿಕೊಂಡು ನಡುದಾರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅಂಥ ಕಡೆ ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಅಂಟೇ ವಾಸಿ. ಜಾರುತ್ತದೆ, ಅವಸರ ಮಾಡುವುದಿಲ್ಲ. ಸೂಪರ್ ಗ್ಲೂ ಅನ್ನು ಫಿನ್ನಿನ ಮುಖ್ಯ ಬೆಸುಗೆಗೆ ನಾನು ನಂಬುವುದಿಲ್ಲ. ಬೇಗ ಹಿಡಿಯುತ್ತದೆ ನಿಜ, ಆದರೆ ಪೆಡಸು. ಒಂದು ಏಟು ಬಿದ್ದರೆ ಟಕ್ಕೆಂದು ಬಿಟ್ಟುಕೊಳ್ಳುತ್ತದೆ. ಟ್ಯೂಬಿನ ಬಾಯಿ, ಬಾಲ್ಸಾದ ತೆಳು ಅಂಚು ಗಟ್ಟಿ ಮಾಡಲು ಅದರ ನೀರಾದ ಬಗೆ ಚೆನ್ನಾಗಿದೆ.

ಈಗ ಫಿಲೆಟ್. ಫಿನ್ ಮತ್ತು ಟ್ಯೂಬು ಸೇರುವ ಮೂಲೆಯಲ್ಲಿ ಅಂಟಿನಿಂದ ಮಾಡುವ ಒಳಬಾಗಿನ ತುಂಬು ಅದು. ಫಿನ್ ಪಕ್ಕಕ್ಕೆ ಬಾಗಿದಾಗ ಬಲವೆಲ್ಲ ಆ ಚೂಪು ಮೂಲೆಯಲ್ಲಿ ಬೀಳುತ್ತದೆ. ಫಿಲೆಟ್ ಇದ್ದರೆ ಅದು ಟ್ಯೂಬಿನ ಅಗಲಕ್ಕೆ ಹಂಚಿಹೋಗುತ್ತದೆ. ಮೂಲೆಯಲ್ಲಿ ಗಾಳಿ ಸುತ್ತಿಕೊಂಡು ಎಳೆಯುವುದೂ ಕಡಿಮೆ. ಅದರ ದುಂಡಿನ ತ್ರಿಜ್ಯ ಫಿನ್ ಬುಡದ ಉದ್ದದ ಶೇ. 4ರಿಂದ 8ರಷ್ಟು ಇದ್ದರೆ ಸರಿ ಅನ್ನುವುದು ಈ ಹವ್ಯಾಸದವರ ರೂಢಿ ಲೆಕ್ಕ. 5 ಸೆಂ.ಮೀ. ಬುಡಕ್ಕೆ 2ರಿಂದ 4 ಮಿ.ಮೀ. ಅಷ್ಟೇ. ದಪ್ಪ ದಿಂಡಿನ ಹಾಗೆ ಅಂಟು ಮೆತ್ತಿದ ರಾಕೆಟ್ ನೋಡಿದರೆ ನನಗೆ ಕೈ ತುರಿಸುತ್ತದೆ.

ಹಳದಿ ಅಂಟಿನಲ್ಲಿ ಸುಮಾರು ಅರ್ಧ ನೀರೇ. ಒಣಗಿದಾಗ ಕುಗ್ಗುತ್ತದೆ. ಒಂದೇ ಸಲಕ್ಕೆ ತುಂಬಿದರೆ ನಡುವೆ ಗುಳ್ಳೆ, ಕುಳಿ ಬೀಳುತ್ತವೆ. ಹಾಗಾಗಿ ತೆಳ್ಳಗೆ ಒಂದರ ಮೇಲೊಂದು ಪದರ. ರಾಕೆಟ್ಟನ್ನು ಅಡ್ಡ ಮಲಗಿಸಿ, ಎರಡು ಫಿನ್ ಮೇಲಕ್ಕೆ ಬಂದು ತೊಟ್ಟಿಯಂತೆ ಕಾಣುವ ಹಾಗೆ ಇಡಬೇಕು. ಟ್ಯೂಬು ಮಟ್ಟವಾಗಿ ಇಲ್ಲದಿದ್ದರೆ ಅಂಟೆಲ್ಲ ಒಂದು ತುದಿಗೆ ಹರಿದು ಸೇರುತ್ತದೆ. ಗೆರೆ ಎಳೆದು, ಒದ್ದೆ ಬೆರಳಿನಿಂದ ಮುಂಭಾಗದಿಂದ ಬಾಲದವರೆಗೆ ಒಂದೇ ಎಳೆತ. ಮತ್ತೆ ಮತ್ತೆ ತೀಡಬಾರದು. ಇಲ್ಲಿನ ಸೆಕೆಯಲ್ಲಿ ಒಣಗಲು ಜಾಸ್ತಿ ಹೊತ್ತು ಬೇಕು, ಒಂದು ಜೋಡಿ ಮುಗಿಸಿ ರಾತ್ರಿಯಿಡೀ ಬಿಟ್ಟುಬಿಡುತ್ತೇನೆ. ಟೈಟ್‌ಬಾಂಡ್‌ನದೇ ಕ್ವಿಕ್ ಅಂಡ್ ಥಿಕ್ ಅಂಟು ಮಂದ, ಸೋರುವುದಿಲ್ಲ, ಕುಗ್ಗುವುದೂ ಕಡಿಮೆ. ಮೇಲಿನ ಪದರಕ್ಕೆ ಈಗ ಅದನ್ನೇ ಹಾಕುತ್ತೇನೆ.

ಪ್ಲೈವುಡ್ ಅಥವಾ ಫೈಬರ್‌ಗ್ಲಾಸ್ ಫಿನ್‌ಗಳ ದೊಡ್ಡ ರಾಕೆಟ್ಟಿಗೆ ಫಿಲೆಟ್ಟೂ ಎಪಾಕ್ಸಿಯದೇ. 5 ನಿಮಿಷಕ್ಕೆ ಗಟ್ಟಿಯಾಗತೊಡಗುವುದಲ್ಲ, 30 ನಿಮಿಷದ್ದು. ಫೈಬರ್‌ಗ್ಲಾಸ್ ಏನನ್ನೂ ಹೀರುವುದಿಲ್ಲ, ಅದಕ್ಕೆ ಮರದ ಅಂಟು ಹಿಡಿಯುವುದೇ ಇಲ್ಲ. ಇಲ್ಲಿ ಒಂದು ಚೆಂದದ ಉಪಾಯವಿದೆ. ಬೇಕಾದ ದುಂಡಿನ ಮರದ ಕಡ್ಡಿಯ ಸುತ್ತ ಕಾರ್ಬನ್ ಕಾಗದವನ್ನು ಮಸಿ ಹೊರಗಿರುವಂತೆ ಸುತ್ತಿ ಮೂಲೆಯಲ್ಲಿ ಒತ್ತಿ ಎಳೆದರೆ, ಕಡ್ಡಿ ಫಿನ್‌ಗೂ ಟ್ಯೂಬಿಗೂ ತಾಗುವ ಎರಡು ಗೆರೆ ಮೂಡುತ್ತವೆ. ಆ ಗೆರೆಗಳ ಆಚೆಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಡುವೆ ಎಪಾಕ್ಸಿ ಹಾಕಿ, ಅದೇ ಅಳತೆಯ ಬೇರೆ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಎಳೆಯಬೇಕು. ಎಪಾಕ್ಸಿ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪ್ ಕಿತ್ತರೆ ಅಂಚು ನೀಟಾಗಿ ಬರುತ್ತದೆ. ಕೈಗೆ ನೈಟ್ರೈಲ್ ಗ್ಲೌಸ್ ಬೇಕೇ ಬೇಕು. ಎಪಾಕ್ಸಿಗೆ ಒಮ್ಮೆ ಅಲರ್ಜಿ ಶುರುವಾದರೆ ಬಿಡುವುದು ಕಷ್ಟ.

ಎಪಾಕ್ಸಿಯ ತೂಕವೂ ಲೆಕ್ಕಕ್ಕೆ ಬರುತ್ತದೆ. ಬಾಲಕ್ಕೆ ಸೇರಿದ ಪ್ರತಿ ಗ್ರಾಂ ರಾಕೆಟ್ಟಿನ ಗುರುತ್ವ ಕೇಂದ್ರವನ್ನು ಹಿಂದಕ್ಕೆ ಎಳೆಯುತ್ತದೆ. ಅದು ಗಾಳಿಯ ಒತ್ತಡ ಕೇಂದ್ರಕ್ಕಿಂತ (ರಾಕೆಟ್ಟಿನ ಮೇಲೆ ಗಾಳಿಯ ಬಲವೆಲ್ಲ ಒಟ್ಟಾಗಿ ಬೀಳುವ ಜಾಗ) ಕನಿಷ್ಠ ಒಂದು ಟ್ಯೂಬಿನ ವ್ಯಾಸದಷ್ಟು ಮುಂದಿರಬೇಕು. ಇಲ್ಲದಿದ್ದರೆ ಮೂತಿಗೆ ಭಾರ ತುಂಬಬೇಕಾಗುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಫಿಲೆಟ್‌ಗೆ ಮೊದಲು, ಆಮೇಲೆ ತೂಗುವುದು ನನ್ನ ಅಭ್ಯಾಸ. ಎಪಾಕ್ಸಿಗೆ ಮೈಕ್ರೋಬಲೂನ್ ಅನ್ನುವ ಟೊಳ್ಳು ಸೂಕ್ಷ್ಮ ಗುಂಡುಗಳ ಪುಡಿ ಬೆರೆಸಿದರೆ ಹಗುರವಾಗುತ್ತದೆ, ಉಜ್ಜಲೂ ಸುಲಭ.

ಹಾರಿಸುವಾಗ ದಾರಿ ತೋರುವ ಲಾಂಚ್ ಕಡ್ಡಿ ತೂರುವ, ಲಾಂಚ್ ಲಗ್ ಅನ್ನುವ ಪುಟ್ಟ ಕೊಳವೆಗೂ ಎರಡೂ ಬದಿ ಸಣ್ಣ ಫಿಲೆಟ್ ಎಳೆಯಿರಿ. ಅದು ಕಳಚಿ ಬಂದರೆ ರಾಕೆಟ್ ಲಾಂಚ್ ಕಡ್ಡಿಯನ್ನು ಬಿಟ್ಟು ಎತ್ತ ಹಾರುತ್ತದೋ ಹೇಳಲಾಗದು.